ನಾಲ್ಕೂವರೆ ಸ್ಟಾರಿನ ಎಣ್ಣೆಯೋ, ಅತ್ತೆಯ ದಾಸವಾಳದ ಗೊಂಪೋ: ಕೂದಲಿನ ರಿವ್ಯೂ ನೋಡಿ ಆರಿಸುವ ಮೊದಲು

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಮಲೆನಾಡಿನಲ್ಲಿ ಎರಡು ದೂರು ಒಟ್ಟಿಗೆ ಕೇಳಿಬರುತ್ತವೆ. ತೋಟದಲ್ಲಿ ಅಡಿಕೆ ಉದುರುತ್ತಿದೆ, ಬಚ್ಚಲಲ್ಲಿ ಕೂದಲು ಉದುರುತ್ತಿದೆ. ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣ ಇದೆ, ಅದರ ಅಳತೆ ಎಲ್ಲರಿಗೂ ಬಾಯಿಪಾಠ. ಕೂದಲಿಗೆ ಮಾತ್ರ ಫೋನ್ ತೆರೆದರೆ ನೂರು ಮದ್ದು.

ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಆ್ಯಪಿನ ಕಾರ್ಟಿನಲ್ಲಿ ರೀಲ್ಸ್‌ನಲ್ಲಿ ಕಂಡ ಗಿಡಮೂಲಿಕೆ ಎಣ್ಣೆ ಇದೆ, ರೋಸ್‌ಮೆರಿ ಸೀರಮ್ ಇದೆ, ಬೆಂಗಳೂರಿನಲ್ಲಿರುವ ಮಗಳು ಹೇಳಿದ, ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಎಂಬ ಮೆಡಿಕಲ್ ಶಾಪಿನ ಮದ್ದು ಇದೆ. ಮನೆಯಲ್ಲಿ ಅತ್ತೆ, ‘ದಾಸವಾಳದ ಗೊಂಪು ಹಾಕಿ ಮೀಯೋದು ಬಿಟ್ಟು ಇದೆಲ್ಲ ಎಂತಕ್ಕೆ?’ ಅನ್ನುತ್ತಿದ್ದಾರೆ. (ಗೊಂಪು ಎಂದರೆ ದಾಸವಾಳದ ಸೊಪ್ಪಿನ ಲೋಳೆ.) ಕಾರ್ಟಿನಲ್ಲಿರುವ ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್. ಯಾವುದನ್ನು ತೆಗೆದುಕೊಳ್ಳಬೇಕು?

ಬಾಟಲಿಗಳ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ ಸ್ಟಾರುಗಳನ್ನು ಯಾವುದಕ್ಕೆ ನಂಬಬೇಕು, ಯಾವುದಕ್ಕೆ ನಂಬಬಾರದು ಎಂದು ತೀರ್ಮಾನವಾಗಬೇಕು. ನಾನು ಹಿಡಿದಿರುವ ಅಳತೆ ಇಷ್ಟೆ: ಕೊಂಡವರಿಗೆ ತಾವಾಗಿಯೇ ತಿಳಿಯಬಲ್ಲ ಸಂಗತಿಯನ್ನು ಬರೆದಿದ್ದಾರೆಯೇ, ತಿಳಿಯಲು ದಾರಿಯೇ ಇಲ್ಲದ್ದನ್ನು ಬರೆದಿದ್ದಾರೆಯೇ? ಎಣ್ಣೆಯ ವಾಸನೆ, ಜಿಡ್ಡು, ದಿಂಬಿಗೆ ಹತ್ತುವ ಬಣ್ಣ, ಸೋರಿ ಬಂದ ಮುಚ್ಚಳ, ಹಚ್ಚಿದ ಮೇಲೆ ಆದ ತುರಿಕೆ, ತೊಳೆದ ಮೇಲೆ ಸಿಕ್ಕು ಬಿಡಿಸುವುದು ಸುಲಭವಾಯಿತೋ ಇಲ್ಲವೋ – ಇವಕ್ಕೆ ಕೊಂಡವರೇ ಒಳ್ಳೆಯ ಸಾಕ್ಷಿ. ‘ಉದುರುವುದು ನಿಂತಿತು’, ‘ಹೊಸ ಕೂದಲು ಬಂತು’, ‘ಬಿಳಿ ಕೂದಲು ಕಪ್ಪಾಯಿತು’ – ಇವಕ್ಕೆ ಅವರು ಸಾಕ್ಷಿಯಾಗಲಾರರು. ಪ್ರಾಮಾಣಿಕರಾಗಿದ್ದರೂ ಆಗಲಾರರು.

ಕಾರಣ ಕೂದಲಿನ ನಡವಳಿಕೆಯಲ್ಲೇ ಇದೆ. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಎಳೆ ಹೋಗುವುದು ಸಹಜ. (ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಸಡಿಲವಾಗಿದ್ದದ್ದೆಲ್ಲ ಒಂದೇ ದಿನ ಕೈಗೆ ಬರುತ್ತದೆ. ಮುಷ್ಟಿ ತುಂಬಿತು ಎಂದು ಅಷ್ಟಕ್ಕೇ ಹೆದರಬೇಡಿ.) ಜೋರು ಜ್ವರ ಬಂದರೆ, ಹೆರಿಗೆಯಾದರೆ, ಆಪರೇಷನ್ ಆದರೆ, ಊಟ ಕೆಟ್ಟರೆ ಬಹಳಷ್ಟು ಕೂದಲು ಒಟ್ಟಿಗೆ ಆ ಸುಮ್ಮನಿರುವ ಹಂತಕ್ಕೆ ಹೋಗಿಬಿಡುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಡೆಂಗಿಯಾಗಲಿ, ಟೈಫಾಯ್ಡ್ ಆಗಲಿ, ನಮ್ಮ ಕಡೆಯ ಮಂಗನ ಕಾಯಿಲೆಯಾಗಲಿ, ಮೈ ಸುಟ್ಟ ಜ್ವರದ ಬಾಕಿ ತಲೆಯಲ್ಲಿ ತೀರುವುದು ಹೀಗೆ. ಹೆಚ್ಚಿನವರಲ್ಲಿ ಇದು ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಏನೂ ಹಚ್ಚದಿದ್ದರೂ.

ಈಗ ರಿವ್ಯೂ ಬರೆದವರ ಜಾಗದಲ್ಲಿ ನಿಂತು ನೋಡಿ. ಉದುರುವುದು ವಿಪರೀತವಾದಾಗಲೇ ಎಣ್ಣೆ ತರಿಸುತ್ತಾರೆ. ಎರಡು ಬಾಟಲಿ ಮುಗಿಯುವಷ್ಟರಲ್ಲಿ ಹೇಗೂ ನಿಲ್ಲಬೇಕಿದ್ದದ್ದು ನಿಲ್ಲುತ್ತದೆ. ಐದು ಸ್ಟಾರ್ ಎಣ್ಣೆಗೆ ಹೋಗುತ್ತದೆ. ಬಾಣಂತಿಯರ ರಿವ್ಯೂಗಳಲ್ಲಿ ಇದು ಎದ್ದು ಕಾಣುತ್ತದೆ: ‘ಡೆಲಿವರಿ ಆಗಿ ನಾಲ್ಕು ತಿಂಗಳಿಗೆ ಶುರು ಮಾಡಿದೆ, ಮಗುವಿಗೆ ಒಂಬತ್ತು ತಿಂಗಳಾಗುವಾಗ ನಿಂತಿತು’. ಸುಳ್ಳಿಲ್ಲ ಅದರಲ್ಲಿ. ಎಣ್ಣೆಯ ಪಾಲು ಎಷ್ಟು ಎಂಬುದಷ್ಟೇ ಅದರಿಂದ ಗೊತ್ತಾಗುವುದಿಲ್ಲ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು, ನಿಮ್ಮ ತೊಂದರೆಯ ಜಾತಿ. ಉದುರಿದ ಎಳೆಯ ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿನಂಥದ್ದು ಇದ್ದರೆ ಅದು ಬುಡದಿಂದ ಬಂದದ್ದು. ಎರಡೂ ತುದಿ ಬೋಳಾಗಿದ್ದು ಎಳೆ ಗಿಡ್ಡವಿದ್ದರೆ ನಡುವೆ ತುಂಡಾದದ್ದು. ಶಾಂಪೂ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕೂದಲು ಉದುರುವುದು ಶೇಕಡಾ ಇಷ್ಟು ಕಡಿಮೆ’ ಎಂದು ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿರುತ್ತಾರೆ. ಆ ನಕ್ಷತ್ರವನ್ನು ಹುಡುಕಿಕೊಂಡು ಡಬ್ಬಿಯ ಹಿಂಭಾಗಕ್ಕೆ ಹೋಗಿ. ‘ತುಂಡಾಗುವುದರಿಂದ ಉದುರುವ ಕೂದಲು, ಕಂಡೀಷನರ್ ಇಲ್ಲದ ಶಾಂಪೂಗೆ ಹೋಲಿಸಿದಾಗ’ ಎಂಬ ಅರ್ಥದ ಮಾತು ಸಣ್ಣಕ್ಷರದಲ್ಲಿ ಸಿಗುವುದೇ ಹೆಚ್ಚು. ಬುಡದಿಂದ ಉದುರುವವರಿಗೂ ಆ ಶೇಕಡಾ ಲೆಕ್ಕಕ್ಕೂ ಸಂಬಂಧವೇ ಇಲ್ಲ. ‘ಡರ್ಮಟಾಲಜಿಕಲಿ ಟೆಸ್ಟೆಡ್’ ಎಂಬುದೂ ಇದೇ ಬಗೆ. ಚರ್ಮಕ್ಕೆ ಉರಿ, ತುರಿಕೆ ಆಗುತ್ತದೆಯೇ ಎಂದು ನೋಡಿದ್ದಾರೆ ಎಂದಷ್ಟೇ ಅದರರ್ಥ, ಕೂದಲು ಬರುತ್ತದೆಯೇ ಎಂದು ನೋಡಿದ್ದಾರೆ ಎಂದಲ್ಲ.

ಎರಡನೆಯದು ಕಾಲ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಪಾರ್ಸೆಲ್ ಕೈಗೆ ಬಂದ ವಾರದಲ್ಲೇ ‘ಸೂಪರ್ ರಿಸಲ್ಟ್’ ಎಂದು ಬರೆದವರು ಬಾಟಲಿಯ ವಾಸನೆಯ ಬಗ್ಗೆ ಬರೆದಿರಬೇಕು. ನಾಲ್ಕು ತಿಂಗಳು ದಾಟಿ ಬರೆದ ರಿವ್ಯೂ ಇದ್ದರೆ ಮಾತ್ರ ಓದುವ ಕಷ್ಟ ತೆಗೆದುಕೊಳ್ಳಿ. ಆ್ಯಪಿನಲ್ಲಿ ‘ಹೊಸದು ಮೊದಲು’ ಎಂದು ಜೋಡಿಸಿ ನೋಡಿದರೆ ಇನ್ನೊಂದು ಸಂಗತಿ ಹೊರಬರುತ್ತದೆ: ಎರಡೇ ದಿನದಲ್ಲಿ ರಾಶಿ ಬಿದ್ದ ಐದು ಸ್ಟಾರುಗಳು, ಒಂದೇ ಅಚ್ಚಿನ ವಾಕ್ಯಗಳು, ಕೆಲವು ಸಲ ಎಣ್ಣೆಯ ಪುಟದಲ್ಲಿ ಬಾಚಣಿಗೆಯ ಹೊಗಳಿಕೆ. ಹಳೆಯ ಸಾಮಾನಿನ ಪುಟಕ್ಕೆ ಹೊಸ ಸಾಮಾನು ತಂದಿಟ್ಟಿದ್ದಾರೆ, ಸ್ಟಾರುಗಳು ಹಿಂದಿನದರವು ಎಂದರ್ಥ. ನಾನಂತೂ ಮೂರು ಸ್ಟಾರಿನವರನ್ನು ಮೊದಲು ಓದುತ್ತೇನೆ. ಹೊಗಳಿ ಏನೂ ಸಿಗದವರು, ಸಿಟ್ಟೂ ಇಲ್ಲದವರು ಅಲ್ಲಿರುತ್ತಾರೆ.

ಮೂರನೆಯದು, ಹೇಳಿದವರಿಗೆ ಏನು ಸಿಕ್ಕಿತು. ಪೆಟ್ಟಿಗೆಯೊಳಗೆ ‘ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಕ್ಯಾಶ್‌ಬ್ಯಾಕ್ ಪಡೆಯಿರಿ’ ಎಂಬ ಚೀಟಿ ಬರುವುದನ್ನು ನೀವೂ ನೋಡಿರಬಹುದು. ‘ವೆರಿಫೈಡ್ ಪರ್ಚೇಸ್’ ಎಂಬ ಗುರುತು ಇಂಥವರಿಗೂ ಸಿಗುತ್ತದೆ, ಅವರು ಕೊಂಡದ್ದು ನಿಜವೇ ಅಲ್ಲವೇ. ರೀಲ್ಸ್‌ನವರಿಗೆ ನಿಯಮ ಇದೆ. ದುಡ್ಡು ಅಥವಾ ಪುಕ್ಕಟೆ ಸಾಮಾನು ಪಡೆದು ಹೊಗಳಿದರೆ ಅದು ಜಾಹೀರಾತೆಂದು ಎದ್ದು ಕಾಣುವಂತೆ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೊನೆಯಲ್ಲಿ ಕೂಪನ್ ಕೋಡ್ ಹೇಳಿದರೆ ಅಲ್ಲಿಗೆ ಸಾಕು, ಅದು ಜಾಹೀರಾತೇ. ರಿವ್ಯೂಗಳಿಗೂ 2022ರಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 19000 ಎಂಬ ಮಾನದಂಡ ಬಂದಿದೆ, ಆದರೆ ಕಡ್ಡಾಯವಾಗಿ ಅಲ್ಲ.

ನಾಲ್ಕನೆಯದು ನಮ್ಮ ನೀರು, ನಮ್ಮ ಹವೆ. ಇದನ್ನು ಯಾವ ಆ್ಯಪೂ ಕೇಳುವುದಿಲ್ಲ. ‘ಕೂದಲು ಒರಟಾಯಿತು, ನೊರೆಯೇ ಬರಲ್ಲ’ ಎಂದು ಬರೆದವರು ಬೋರ್‌ವೆಲ್ಲಿನ ಗಡಸು ನೀರಲ್ಲಿ ಮೀಯುವವರಾಗಿರಬಹುದು. ನಮ್ಮಲ್ಲಿ ಗುಡ್ಡದಿಂದ ಪೈಪ್ ಎಳೆದ ಅಬ್ಬಿ ನೀರು, ಬಾವಿ ನೀರು, ಶಿವಮೊಗ್ಗ ಪೇಟೆಗೆ ತುಂಗೆಯ ನೀರು, ಬಹುಪಾಲು ಮೆದು. ಅದೇ ಶಾಂಪೂ ಇಲ್ಲಿ ಅರ್ಧ ಅಳತೆಗೇ ನೊರೆ ಬರುತ್ತದೆ. ‘ಕೂದಲು ಉದುರದಂತೆ’ ಎಂದು ಮಾರುವ ಶವರ್ ಫಿಲ್ಟರಿಗೆ ತೀರ್ಥಹಳ್ಳಿಯಲ್ಲಿ ಕೂತು ದುಡ್ಡು ಹಾಕುವುದು ವ್ಯರ್ಥ. ನಮ್ಮ ತೊಂದರೆ ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲು ಒಣಗುವುದೇ ಇಲ್ಲ. ಹಸಿ ಜಡೆ, ಅದರ ಮೇಲೆ ಎಣ್ಣೆ, ಅದರ ಮೇಲೆ ತುರುಬು. ತಲೆಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರಕ್ಕೆ ತೇವ, ಜಿಡ್ಡು ಎರಡೂ ಹಬ್ಬ. ಒಣ ಊರಿನವರು ಮೆಚ್ಚಿದ ‘ರಾತ್ರಿಯಿಡೀ ಬಿಡಿ’ ಎನ್ನುವ ಎಣ್ಣೆ ಆಗುಂಬೆಯ ಆಷಾಢಕ್ಕೆ ಹೊಂದುವುದಿಲ್ಲ.

ಖರ್ಚನ್ನು ಬಾಟಲಿಯ ಬೆಲೆಯಿಂದಲ್ಲ, ತಿಂಗಳಿನಿಂದ ಲೆಕ್ಕ ಹಾಕಿ. ಸೊಂಟದುದ್ದ ಜಡೆಗೆ ಒಂದು ಸಲಕ್ಕೆ 15 ಮಿ.ಲೀ. ಎಣ್ಣೆ ಬೇಕು. ವಾರಕ್ಕೆ ಮೂರು ಸಲ ಎಂದರೆ ತಿಂಗಳಿಗೆ 180 ಮಿ.ಲೀ. 200 ಮಿ.ಲೀ.ಗೆ 999 ರೂಪಾಯಿಯ ಬಾಟಲಿಯಾದರೆ ‘ಆರು ತಿಂಗಳ ಕೋರ್ಸ್’ ಆರು ಸಾವಿರದ ಹತ್ತಿರ. ಕಾರ್ಟಿನಲ್ಲಿ ಕಾಣುವುದು 999 ಮಾತ್ರ.

ಮನೆಯ ಮದ್ದು: ಕೊಬ್ಬರಿ ಎಣ್ಣೆ, ಸೀಗೆ, ಗೊಂಪು

ಅತ್ತೆಯ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಹಾಗಂತ ಪೂರ್ತಿ ಒಪ್ಪುವ ಹಾಗೂ ಇಲ್ಲ. ಕೊಬ್ಬರಿ ಎಣ್ಣೆಗೆ ಒಂದು ಗಟ್ಟಿ ಆಧಾರ ಇದೆ. 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಮೂರನ್ನೂ ಹೋಲಿಸಿತು. ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಎಳೆಯ ಒಳಗೆ ಇಳಿಯಬಲ್ಲದು. ತಲೆಸ್ನಾನಕ್ಕೆ ಮೊದಲು ಎಣ್ಣೆ ಹಚ್ಚುವುದು ಕೂದಲು ತುಂಡಾಗುವುದನ್ನು ತಡೆಯುತ್ತದೆ ಎಂದರೆ ನಂಬಬಹುದು. ಬುಡದಿಂದ ಹೊಸ ಕೂದಲು ತರುತ್ತದೆ ಎಂದರೆ ಆಧಾರವಿಲ್ಲ.

ಇಲ್ಲಿ ರಿವ್ಯೂಗಳ ತಮಾಷೆ ನೋಡಿ. ಗಾಣದ ಕೊಬ್ಬರಿ ಎಣ್ಣೆಗೆ ಬಿದ್ದ ಒಂದು ಸ್ಟಾರುಗಳಲ್ಲಿ ‘ಎಣ್ಣೆ ಗಟ್ಟಿಯಾಗಿ ಬಂತು, ಹಾಳಾಗಿದೆ’ ಎಂಬ ದೂರು ಸಾಮಾನ್ಯ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟಲೇಬೇಕು, ಧನುರ್ಮಾಸದ ಬೆಳಗಿನಲ್ಲಿ ಹೊಸನಗರದ ಯಾವ ಮನೆಯಲ್ಲೂ ಅದು ಕಲ್ಲಿನಂತಿರುತ್ತದೆ. ಚಳಿಯಲ್ಲೂ ನೀರಿನಂತೆ ಇರುವ ‘ಕೊಬ್ಬರಿ ಹೇರ್ ಆಯಿಲ್’ ಸಿಕ್ಕರೆ ಲೇಬಲ್ ತಿರುಗಿಸಿ. ‘ಲೈಟ್ ಲಿಕ್ವಿಡ್ ಪ್ಯಾರಫಿನ್’ ಅಥವಾ ‘ಮಿನರಲ್ ಆಯಿಲ್’ ಎಂಬುದು ಪಟ್ಟಿಯ ಮೊದಲಿಗೇ ಇದ್ದೀತು. ಪದಾರ್ಥಗಳನ್ನು ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಬರೆಯುವುದು ರೂಢಿ. ಚಿತ್ರದಲ್ಲಿ ತೆಂಗಿನಕಾಯಿ ಎಷ್ಟು ದೊಡ್ಡದಿದ್ದರೂ ಲೆಕ್ಕಕ್ಕೆ ಬರುವುದು ಆ ಪಟ್ಟಿ. ಪ್ಯಾರಫಿನ್ ವಿಷವೇನಲ್ಲ, ಸಿಕ್ಕು ಬಿಡಿಸಲು ಚೆನ್ನಾಗಿಯೇ ಇದೆ. ಕೊಬ್ಬರಿಯ ಬೆಲೆ ಕೊಡಬೇಡಿ, ಅಷ್ಟೆ.

ಸೀಗೆಕಾಯಿ, ಅಂಟುವಾಳ ಎರಡರಲ್ಲೂ ನೊರೆ ಬರಿಸುವ ಸಪೋನಿನ್ ಇದೆ, ಕೊಳೆ ತೆಗೆಯುತ್ತವೆ. ಅಂಟುವಾಳ ಹೆಚ್ಚಾದರೆ ಕೂದಲು ಒರಟು, ಕಣ್ಣಿಗೆ ಹೋದರೆ ಉರಿ. ದಾಸವಾಳದ ಸೊಪ್ಪಿನ ಗೊಂಪು ಕಂಡೀಷನರ್ ಮಾಡುವ ಕೆಲಸವನ್ನೇ ಮಾಡುತ್ತದೆ: ಎಳೆಗೆ ಲೋಳೆಯ ಪದರ, ಸಿಕ್ಕು ಕಡಿಮೆ, ಹೊಳಪು. ಹಿತ್ತಲಲ್ಲಿ ಗಿಡ ಇದ್ದವರಿಗೆ ಖರ್ಚು ಸೊನ್ನೆ, ಸಮಯ ಮಾತ್ರ ಬೇಕು. ಬೆಳಗ್ಗೆ ಏಳರ ಬಸ್ಸಿಗೆ ಸಾಗರದಿಂದ ಶಿವಮೊಗ್ಗಕ್ಕೆ ಕೆಲಸಕ್ಕೆ ಓಡುವವರಿಗೆ ಇದನ್ನು ಹೇಳಿದರೆ ಬೈದಾರು. ಪುಡಿ ತರಿಸುವುದಾದರೆ ರಿವ್ಯೂನಲ್ಲಿ ಮರಳು, ಕಸ, ಕೃತಕ ಬಣ್ಣದ ದೂರು ಇದೆಯೇ ಎಂದು ಹುಡುಕಿ. ಅದು ಕೊಂಡವರಿಗೆ ಗೊತ್ತಾಗುವ ಸಂಗತಿ.

ಗರುಗ (ಭೃಂಗರಾಜ), ಒಂದೆಲಗ, ಕರಿಬೇವು ಹಾಕಿ ಮನೆಯಲ್ಲೇ ಎಣ್ಣೆ ಕಾಯಿಸುವವರು ಸೊಪ್ಪಿನ ನೀರು ಪೂರ್ತಿ ಆರುವವರೆಗೆ ಕಾಯಿಸಬೇಕು. ನೀರು ಉಳಿದರೆ ಮಳೆಗಾಲದಲ್ಲಿ ಕಮಟು ಹಿಡಿಯುತ್ತದೆ.

ರೀಲ್ಸ್‌ನ ಗಿಡಮೂಲಿಕೆ ಎಣ್ಣೆ

ಹುಣಸೂರು ಕಡೆಯ ಹಕ್ಕಿಪಿಕ್ಕಿ ಸಮುದಾಯದವರ ಎಣ್ಣೆ ರೀಲ್ಸ್‌ನಿಂದ ಹೆಸರಾದ ಮೇಲೆ ಅದೇ ಬಗೆಯ ಹೆಸರು, ಅದೇ ಬಗೆಯ ಉದ್ದ ಜಡೆಯ ಚಿತ್ರ ಹೊತ್ತ ಬಾಟಲಿಗಳು ಎಲ್ಲೆಲ್ಲೂ ಬಂದಿವೆ. ಯಾವುದು ಯಾರದ್ದು ಎಂದು ಚಿತ್ರದಿಂದ ಗೊತ್ತಾಗುವುದಿಲ್ಲ. ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ತಯಾರಾದ ಮತ್ತು ಮುಗಿಯುವ ದಿನಾಂಕ, ಪದಾರ್ಥಗಳ ಪಟ್ಟಿ – ಇಷ್ಟು ಲೇಬಲ್ಲಿನಲ್ಲಿ ಇಲ್ಲದಿದ್ದರೆ ಎಷ್ಟು ಸ್ಟಾರ್ ಇದ್ದರೂ ಬೇಡ. ‘108 ಗಿಡಮೂಲಿಕೆ’ ಎಂದು ಬರೆದು ಹತ್ತರ ಹೆಸರನ್ನೂ ಕೊಡದ ಬಾಟಲಿಗೂ ಇದೇ ಮಾತು. ಇನ್ನು ಮಾರುವವರ ಮೊಣಕಾಲುದ್ದ ಜಡೆ: ಕೂದಲು ಎಷ್ಟು ಉದ್ದ ಬರುತ್ತದೆ ಎಂಬುದು ಅದು ಎಷ್ಟು ವರ್ಷ ಬೆಳೆಯುತ್ತದೆ ಎನ್ನುವುದಕ್ಕೆ ಕಟ್ಟುಬಿದ್ದದ್ದು, ಬಹುಮಟ್ಟಿಗೆ ಮನೆತನದಿಂದ ಬಂದದ್ದು. ಆ ಜಡೆ ಎಣ್ಣೆಗೆ ಪುರಾವೆ ಅಲ್ಲ.

‘ಹಚ್ಚಿದ ಕೂಡಲೇ ತಂಪಾಯಿತು, ಚುರುಚುರು ಅಂದಿತು, ಕೆಲಸ ಮಾಡ್ತಾ ಇದೆ’ ಎಂಬ ರಿವ್ಯೂಗಳು ಇಲ್ಲಿ ಸಾಲುಗಟ್ಟಿರುತ್ತವೆ. ಅದು ಕರ್ಪೂರದ, ಮೆಂಥಾಲ್‌ನ ಕೆಲಸ. ಬುಡದಲ್ಲಿ ಏನಾಯಿತು ಎಂಬುದಕ್ಕೆ ಸಂಬಂಧವಿಲ್ಲ. ಮೊದಲು-ನಂತರದ ಫೋಟೋಗಳಲ್ಲಿ ಬೈತಲೆ ಎಲ್ಲಿ ತೆಗೆದಿದ್ದಾರೆ, ಬೆಳಕು ಮೇಲಿನಿಂದ ಬಿದ್ದಿದೆಯೇ, ಒಂದರಲ್ಲಿ ಕೂದಲು ಹಸಿ ಇನ್ನೊಂದರಲ್ಲಿ ಒಣಗಿದೆಯೇ ನೋಡಿ. ಹಸಿ ಕೂದಲಲ್ಲಿ ಯಾರ ನೆತ್ತಿಯೂ ಬೋಳಾಗಿ ಕಾಣುತ್ತದೆ.

ಒಂದು ಕಾನೂನು ತಿಳಿದಿರಲಿ. ಬೋಳುತಲೆ, ಹೊಸ ಕೂದಲು ಹುಟ್ಟಿಸುವುದು, ಅಕಾಲ ನರೆ – ಇವು ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧದ ಮೇಲೆ ಹೇಳಿಕೊಳ್ಳುವಂತಿಲ್ಲ. ‘ಬಕ್ಕತಲೆಯಲ್ಲೂ ಗ್ಯಾರಂಟಿ ಕೂದಲು’ ಎಂದು ಕೂಗುವವರು ಗಿಡಮೂಲಿಕೆ ಗೊತ್ತಿದ್ದವರೋ ಅಲ್ಲವೋ, ನಿಯಮ ಗೊತ್ತಿದ್ದವರಂತೂ ಅಲ್ಲ. ವಾಸನೆ ಇಷ್ಟ, ತಲೆ ಹಗುರಾಗುತ್ತದೆ, ದುಡ್ಡಿಗೆ ತೊಂದರೆಯಿಲ್ಲ ಎಂದಾದರೆ ಪರವಾನಗಿ ಇರುವ ಗಿಡಮೂಲಿಕೆ ಎಣ್ಣೆ ಕೊಳ್ಳಿ, ನನ್ನ ತಕರಾರಿಲ್ಲ. ಉದುರುವಿಕೆ ನಿಲ್ಲಿಸಲೆಂದೇ ಆದರೆ ಗಾಣದ ಎಣ್ಣೆಗಿಂತ ಹೆಚ್ಚಿಗೆ ಕೊಡುವ ದುಡ್ಡಿಗೆ ಸಮರ್ಥನೆ ಕಾಣುವುದಿಲ್ಲ.

ಈರುಳ್ಳಿ, ರೋಸ್‌ಮೆರಿ, ಸೀರಮ್, ಗಮ್ಮಿ

ಇವುಗಳ ಜಾಹೀರಾತು ‘ವಿಜ್ಞಾನ ಹೇಳುತ್ತದೆ’ ಎಂದು ಶುರುವಾಗುತ್ತದೆ. ವಿಜ್ಞಾನ ಏನು ಹೇಳಿತು ನೋಡೋಣ. ಈರುಳ್ಳಿಯ ಬಗ್ಗೆ 2002ರ ಒಂದು ಚಿಕ್ಕ ಅಧ್ಯಯನ ಇದೆ. ಅದು ನಡೆದದ್ದು ಗುಂಡಗೆ ತೇಪೆತೇಪೆಯಾಗಿ ಕೂದಲು ಹೋಗುವ ಕಾಯಿಲೆಯವರ ಮೇಲೆ, ಹಚ್ಚಿದ್ದು ಹಸಿ ಈರುಳ್ಳಿ ರಸ. ಸಾಮಾನ್ಯ ಉದುರುವಿಕೆಗೂ ಬಾಟಲಿಯ ಘಮಘಮ ಈರುಳ್ಳಿ ಎಣ್ಣೆಗೂ ಅದನ್ನು ಎಳೆದು ತರುವುದು ಸರಿಯಲ್ಲ.

ರೋಸ್‌ಮೆರಿಯ 2015ರ ಅಧ್ಯಯನ ಸ್ವಲ್ಪ ಮೇಲು. ವಂಶಪಾರಂಪರ್ಯವಾಗಿ ಕೂದಲು ತೆಳುವಾಗುತ್ತಿದ್ದ 100 ಮಂದಿಯಲ್ಲಿ ರೋಸ್‌ಮೆರಿ ಎಣ್ಣೆಯನ್ನು ಶೇ. 2ರ ಮಿನಾಕ್ಸಿಡಿಲ್ ಜೊತೆ ಆರು ತಿಂಗಳು ಹೋಲಿಸಿದರು. ಮೂರು ತಿಂಗಳಿಗೆ ಎರಡರಲ್ಲೂ ವ್ಯತ್ಯಾಸ ಇರಲಿಲ್ಲ, ಆರು ತಿಂಗಳಿಗೆ ಎರಡರಲ್ಲೂ ಕೂದಲು ಹೆಚ್ಚಾಗಿತ್ತು. ಏನೂ ಹಚ್ಚದ ಮೂರನೇ ಗುಂಪು ಮಾತ್ರ ಇರಲಿಲ್ಲ. ಆಶೆ ಇಡಬಹುದು, ಪಣ ಕಟ್ಟುವಷ್ಟಲ್ಲ. ‘ಮೂರು ವಾರದಲ್ಲಿ ಫಲಿತಾಂಶ’ ಎಂದು ಬರೆದ ರೋಸ್‌ಮೆರಿ ಬಾಟಲಿ ತನ್ನದೇ ಆಧಾರಕ್ಕೆ ವಿರುದ್ಧ ಮಾತಾಡುತ್ತಿದೆ.

ಬಯೋಟಿನ್ ಎಂಬ ವಿಟಮಿನ್ ಹಾಕಿದ ಜಗಿಯುವ ಮಿಠಾಯಿ, ಅಂದರೆ ಗಮ್ಮಿಯ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಬಯೋಟಿನ್ ಕೊರತೆ ಅಪರೂಪ, ಕೊರತೆ ಇಲ್ಲದವರಿಗೆ ತಿಂದು ಪ್ರಯೋಜನ ಕಂಡಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೆಚ್ಚು ಬಯೋಟಿನ್ ಥೈರಾಯ್ಡ್ ಸೇರಿ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು. ಕೂದಲು ಉದುರುವುದಕ್ಕೆ ಥೈರಾಯ್ಡ್ ಕಾರಣವೇ ಎಂದು ನೋಡಲು ಹೋದವರಿಗೆ ಇದಕ್ಕಿಂತ ಕೆಟ್ಟ ಜೋಡಿ ಬೇಕೆ? ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ.

ಮೆಡಿಕಲ್ ಶಾಪಿನದು

ಎರಡೇ ಹೆಸರು. ಹೊಟ್ಟಿಗೆ ಕೀಟೊಕೊನಜೋಲ್ ಶೇ. 2ರ ಶಾಂಪೂ, ವಂಶದಿಂದ ಬಂದ ತೆಳುವಿಗೆ ಮಿನಾಕ್ಸಿಡಿಲ್. ಶಾಂಪೂವನ್ನು ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಹಚ್ಚಿದ ತಕ್ಷಣ ತೊಳೆದು ‘ಏನೂ ಆಗಲಿಲ್ಲ’ ಎಂದು ಬರೆದವರ ರಿವ್ಯೂ ಬಹಳ ಸಿಗುತ್ತದೆ. ಹೊಟ್ಟಿದ್ದಾಗ ಬುಡಕ್ಕೆ ಎಣ್ಣೆ ನಿಲ್ಲಿಸಿ, ತುದಿಗೆ ಮಾತ್ರ ಸವರಿ.

ಮಿನಾಕ್ಸಿಡಿಲ್‌ನ ರಿವ್ಯೂ ಪುಟದಲ್ಲಿ ಸ್ಟಾರುಗಳು ತಲೆಕೆಳಗು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗುವುದು ಇದರ ಗೊತ್ತಿರುವ ಗುಣ. ಅಷ್ಟಕ್ಕೇ ಹೆದರಿ ಒಂದು ಸ್ಟಾರ್ ಕೊಟ್ಟು ಬಿಟ್ಟವರು ಎಷ್ಟೋ ಮಂದಿ. ಹೀಗಾಗಿ ಆಧಾರ ಇರುವ ಮದ್ದಿಗೆ ನಾಲ್ಕು ಸ್ಟಾರ್, ಪರಿಮಳದ ಎಣ್ಣೆಗೆ ನಾಲ್ಕೂವರೆ! ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿದ ಇದನ್ನು ತಲೆಗೆ ಹಚ್ಚಲು ಅಮೆರಿಕದಲ್ಲಿ 1988ರಲ್ಲಿ ಒಪ್ಪಿದರು. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದು ಹೋಗುತ್ತದೆ. ದಿನಕ್ಕೆರಡು ಸಲ 1 ಮಿ.ಲೀ.ನಂತೆ 60 ಮಿ.ಲೀ. ಬಾಟಲಿ ಒಂದು ತಿಂಗಳು. ಅಂದರೆ ಇದು ಮುಗಿಯದ ಖರ್ಚು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಬೇಡ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇನ್ನೊಂದು: ಬೆಕ್ಕಿಗೆ ಇದು ವಿಷ. ದಿಂಬಿನ ಮೇಲೆ ಬೆಕ್ಕು ಮಲಗುವ ಮನೆಯಾದರೆ ಯೋಚಿಸಿ.

ಯಾರಿಗೆ ಯಾವುದು

ಜ್ವರ ಅಥವಾ ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಉದುರಲು ಶುರುವಾಗಿದ್ದರೆ ಕಾರ್ಟ್ ಖಾಲಿ ಮಾಡಿ. ಊಟ ನೋಡಿಕೊಳ್ಳಿ. ಆರು ತಿಂಗಳು ದಾಟಿದರೆ, ಅಥವಾ ಸುಸ್ತೂ ಜೊತೆಗಿದ್ದರೆ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಆ ದುಡ್ಡು ಎಣ್ಣೆಯ ಕೋರ್ಸಿಗಿಂತ ಕಡಿಮೆಯೇ ಆದೀತು.

ಎಳೆ ತುಂಡಾಗುವವರು ಕೊಬ್ಬರಿ ಎಣ್ಣೆ, ಗೊಂಪು ಅಥವಾ ಸಾಧಾರಣ ಕಂಡೀಷನರ್‌ನಲ್ಲಿ ನಿಲ್ಲಬಹುದು. ಹಸಿ ಕೂದಲನ್ನು ಬಾಚದಿರುವುದು ಇವೆಲ್ಲಕ್ಕಿಂತ ಅಗ್ಗ. ತಂದೆಗೂ ಸೋದರಮಾವನಿಗೂ ನೆತ್ತಿ ಬೋಳಾಗಿ, ಮೂವತ್ತರೊಳಗೆ ನಿಮಗೂ ಶುರುವಾಗಿದ್ದರೆ ಎಣ್ಣೆಗಳಲ್ಲಿ ವರ್ಷ ಕಳೆಯಬೇಡಿ, ಚರ್ಮದ ಡಾಕ್ಟರ ಹತ್ತಿರ ಮಿನಾಕ್ಸಿಡಿಲ್ ವಿಷಯ ಮಾತಾಡಿ. ತಿಂಗಳ ಖರ್ಚು ಎಳೆಯಲಾಗದು ಎಂದಾದರೆ ಶುರುಮಾಡದೆ, ಕೂದಲು ಗಿಡ್ಡ ಕತ್ತರಿಸಿಕೊಂಡು ನಿಶ್ಚಿಂತೆಯಾಗಿರುವುದೂ ಒಂದು ಒಳ್ಳೆಯ ಆಯ್ಕೆ. ಗುಂಡಗೆ ಬೋಳಾಗಿದ್ದರೆ, ಕೀವು, ನೋವು, ಗಾಯ ಇದ್ದರೆ ಯಾವ ರಿವ್ಯೂವನ್ನೂ ಓದದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ತೋರಿಸಿ.

ತರಿಸಿಯೇ ತೀರುವುದಾದರೆ ಚಿಕ್ಕ ಬಾಟಲಿ ತರಿಸಿ, ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಕೂದಲಿನ ಬಣ್ಣಕ್ಕಂತೂ ಇದು ಕಡ್ಡಾಯ. ಕಪ್ಪು ಮೆಹಂದಿ ಎಂದು ಮಾರುವುದರಲ್ಲೂ ಪಿಪಿಡಿ ಎಂಬ ಅಲರ್ಜಿಕಾರಕ ಹೆಚ್ಚಾಗಿ ಇರುತ್ತದೆ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ, ಲೇಬಲ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ‘ಗ್ಯಾರಂಟಿ’ ಎಂದು ನಂಬಿಸಿ ದುಡ್ಡು ವಾಪಸ್ ಕೊಡದವರ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.